ಹಲ್ಲುಕಂಬಿಯ ಮೇಲೆ ನೀಲಗಿರಿಗೆ

ಮೆಟ್ಟುಪಾಳಯಂ ಊರಿನಿಂದ ಉದಕಮಂಡಲಕ್ಕೆ ಬಸ್ಸಿನಲ್ಲಿ ಹೊರಟವರು ಎರಡು ಗಂಟೆ ಚಿಲ್ಲರೆಯಲ್ಲಿ ಊರು ಸೇರುತ್ತಾರೆ. ಅದೇ ಊರಿಗೆ ಬೆಳಿಗ್ಗೆ ಏಳು ಗಂಟೆ ದಾಟಿದ ಮೇಲೆ ಒಂದು ಪುಟ್ಟ ರೈಲುಬಂಡಿ ಹೊರಡುವುದು. ಅದರಲ್ಲಿ ಕುಳಿತವರು ಬೆಟ್ಟದ ಮೇಲೆ ಇಳಿಯುವಾಗ ನಡುಹಗಲಾಗಿರುತ್ತದೆ. ದಾರಿಯ ಉದ್ದ 46 ಕಿಲೋಮೀಟರು. ಹಿಡಿಯುವ ಕಾಲ ಐದು ಗಂಟೆಗೆ ಹತ್ತಿರ. ಗಂಟೆಗೆ ಹತ್ತು ಕಿಲೋಮೀಟರಿನ ವೇಗವೂ ಬೀಳಲಿಲ್ಲ. ಬಯಲುಸೀಮೆಯಲ್ಲಾದರೆ ಸೈಕಲ್ಲಿನ ಮೇಲೆ ಹೋಗುವ ಹುಡುಗನು ಇದನ್ನು ಹಿಂದೆ ಹಾಕಿ ಮುಂದೆ ಹೋದಾನು. ಹೀಗಿದ್ದರೂ ಆ ಬಂಡಿಯ ಟಿಕೆಟ್ಟಿಗಾಗಿ ಜನ ಬಹಳ ಮುಂಚಿತವಾಗಿಯೇ ಕಾದು ನಿಲ್ಲುತ್ತಾರೆ.

ಇದಕ್ಕೆ ಕಾರಣವನ್ನು ಕೇಳಿದರೆ ಹಿರಿಯರು ಹಳೆಯ ದಿನಗಳನ್ನು ನೆನೆಯುತ್ತಾರೆ. ಮೈಸೂರು ಸೀಮೆಯಲ್ಲಿ ಮೀಟರ್ ಗೇಜಿನ ಕಂಬಿಗಳಿದ್ದ ಕಾಲ, ಎಂಜಿನ್ನಿನ ಉಸಿರಾಟ, ಕಿಟಕಿಯಿಂದ ಒಳಕ್ಕೆ ಬರುತ್ತಿದ್ದ ಕಲ್ಲಿದ್ದಲಿನ ವಾಸನೆ, ನಿಲ್ದಾಣ ನಿಲ್ದಾಣದಲ್ಲಿಯೂ ನೀರು ಕುಡಿಯಲು ನಿಲ್ಲುತ್ತಿದ್ದ ಬಂಡಿ—ಇವೆಲ್ಲವೂ ಒಮ್ಮೆಗೇ ಅವರ ಬಾಯಿಗೆ ಬರುತ್ತವೆ. ಕಣ್ಣಿಗೆ ಬೀಳುತ್ತಿದ್ದ ಕರಿಯ ಕಿಡಿಯನ್ನೂ, ಬಿಳಿಯ ಅಂಗಿಯ ಮೇಲೆ ಕೂರುತ್ತಿದ್ದ ಮಸಿಯನ್ನೂ ಮಾತ್ರ ಅವರು ಮರೆತಿರುತ್ತಾರೆ. ನೆನಪಿನ ಸ್ವಭಾವವೇ ಹಾಗೆ. ನಮಗೂ ಆ ಹಂಬಲ ಇಲ್ಲದಿಲ್ಲ. ಆದರೆ ವಿಜ್ಞಾನದ ವಿದ್ಯಾರ್ಥಿಗಳಾದ ನಾವು ಹಂಬಲದಲ್ಲಿಯೇ ನಿಲ್ಲದೆ ಒಂದು ಪ್ರಶ್ನೆಯನ್ನು ಕೇಳಬೇಕು. ಈ ಬಂಡಿ ಇಷ್ಟು ನಿಧಾನವಾಗಿ ಹೋಗುವುದು ಅದು ಮುದಿಯಾದುದರಿಂದಲೋ? ಇಂದಿನ ಹೊಸ ಎಂಜಿನ್ನೊಂದನ್ನು ಕಟ್ಟಿದರೆ ಅದೇ ಕಂಬಿಯ ಮೇಲೆ ಓಡಬಹುದಿತ್ತೇ? ಓಡಲಾರದು ಎಂಬುದು ಉತ್ತರ. ನಾವು ಯಾವುದನ್ನು ಹಳೆಯ ಕಾಲದ ಸೊಗಸೆಂದು ಮೆಚ್ಚುತ್ತೇವೆಯೋ ಅದರ ಬಹುಭಾಗ ಗಾಲಿಗೂ ಕಂಬಿಗೂ ಇರುವ ಸಂಬಂಧದಿಂದ ಹುಟ್ಟಿದುದು.

ಆ ಸಂಬಂಧವನ್ನು ಮೊದಲು ನೋಡೋಣ.

ರೈಲುಬಂಡಿಯ ಗಾಲಿಯೂ ಉಕ್ಕು, ಕಂಬಿಯೂ ಉಕ್ಕು, ಎರಡೂ ನುಣುಪು. ಒಂದಕ್ಕೊಂದು ತಾಗುವ ಜಾಗ ನಮ್ಮ ಹೆಬ್ಬೆರಳಿನ ಉಗುರಿಗಿಂತ ಬಹಳ ದೊಡ್ಡದಲ್ಲ. ಉಗಿಯ ಒತ್ತಡ ಗಾಲಿಯನ್ನು ತಿರುಗಿಸಿದಾಗ ಆ ಸಣ್ಣ ಜಾಗದಲ್ಲಿನ ಘರ್ಷಣೆಯೇ ಗಾಲಿಯನ್ನು ಜಾರದಂತೆ ಹಿಡಿದು ಬಂಡಿಯನ್ನು ಮುಂದಕ್ಕೆ ನೂಕಬೇಕು. ರೈಲಿನ ಆರಂಭದ ದಿನಗಳಲ್ಲಿ ಈ ಮಾತನ್ನು ಅನೇಕರು ನಂಬಲಿಲ್ಲ. ನುಣುಪಾದ ಗಾಲಿ ನುಣುಪಾದ ಕಂಬಿಯ ಮೇಲೆ ನಿಂತಲ್ಲಿಯೇ ಸುತ್ತುವುದಲ್ಲದೆ ಭಾರವನ್ನು ಎಳೆಯಲಾರದೆಂದು ಅವರ ಸಂಶಯ. ಆದುದರಿಂದಲೇ ಇಂಗ್ಲೆಂಡಿನ ಲೀಡ್ಸ್ ನಗರದ ಬಳಿ ಜಾನ್ ಬ್ಲೆಂಕಿನ್‌ಸಾಪ್ ಎಂಬಾತನು 1812ರಲ್ಲಿ ಕಲ್ಲಿದ್ದಲಿನ ಗಣಿಯ ಬಂಡಿಗಳಿಗೆ ಹಲ್ಲಿನ ಕಂಬಿಯನ್ನು ಹಾಕಿಸಿ, ಎಂಜಿನ್ನಿಗೆ ಹಲ್ಲಿನ ಗಾಲಿಯನ್ನು ಕೂಡಿಸಿದನು. ಮರು ವರ್ಷವೇ ವಿಲಿಯಂ ಹೆಡ್ಲಿಯು ನುಣುಪು ಗಾಲಿಯೇ ಸಾಕೆಂದು ಪ್ರಯೋಗದಿಂದ ತೋರಿಸಿದನು. ಹಲ್ಲು ಮೂಲೆಗೆ ಸೇರಿತು. ಎಂಜಿನ್ನು ಸಾಕಷ್ಟು ಭಾರವಾಗಿದ್ದರೆ ಘರ್ಷಣೆಯೂ ಸಾಕಷ್ಟಿರುವುದು. ಸಮತಲದಲ್ಲಿ ಬಂಡಿಯನ್ನು ಎಳೆಯಲು ಬೇಕಾದ ಬಲವೂ ಬಹಳ ಸ್ವಲ್ಪ.

ಎಷ್ಟು ಸ್ವಲ್ಪವೆಂದರೆ, ಒಂದು ಟನ್ನು ಭಾರದ ಬಂಡಿಯನ್ನು ಸಮತಲದ ಕಂಬಿಯ ಮೇಲೆ ಮೆಲ್ಲಗೆ ಸಾಗಿಸಲು ಸುಮಾರು 3 ಕಿಲೋಗ್ರಾಂ ತೂಕದಷ್ಟು ಎಳೆತ ಸಾಕು. ತರಕಾರಿ ಚೀಲವನ್ನು ಎತ್ತುವಷ್ಟು ಬಲ! ಉಕ್ಕಿನ ಮೇಲೆ ಉಕ್ಕು ಉರುಳುವುದರ ಲಾಭವೇ ಇದು. ಆದರೆ ದಾರಿ ಏರತೊಡಗಿದೊಡನೆ ಲೆಕ್ಕ ಬದಲಾಗುತ್ತದೆ. 50 ಅಡಿ ಮುಂದೆ ಹೋಗುವಷ್ಟರಲ್ಲಿ 1 ಅಡಿ ಮೇಲೇರುವ ದಾರಿಯಾದರೆ ಪ್ರತಿಯೊಂದು ಟನ್ನಿನ ಐವತ್ತನೆಯ ಒಂದು ಭಾಗ, ಅಂದರೆ 20 ಕಿಲೋಗ್ರಾಂ, ಹಿಂದಕ್ಕೆ ಜಗ್ಗುವುದು. ನಮ್ಮ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ ಕಂಬಿಯ ಕಡಿದು ಇದೇ ಪ್ರಮಾಣದ್ದು. ಆ 55 ಕಿಲೋಮೀಟರಿನ ದಾರಿಯಲ್ಲಿ 57 ಸುರಂಗಗಳನ್ನು ಕೊರೆದುದು ಏರು ಇದನ್ನು ಮೀರದಿರಲೆಂದೇ. ಕ್ಯಾಸಲ್‌ರಾಕಿನಿಂದ ದೂಧಸಾಗರದ ಅಬ್ಬಿಯ ಮುಂದೆ ಹಾದು ಗೋವೆಗೆ ಇಳಿಯುವ ದಾರಿಯಲ್ಲಿ ಏರು 37ಕ್ಕೆ 1; ಅಲ್ಲಿ ಟನ್ನಿಗೆ 27 ಕಿಲೋಗ್ರಾಂ. ಅಲ್ಲಿ ಒಂದು ಎಂಜಿನ್ನು ಸಾಲದೆ ಹಿಂದೆಯೂ ಎಂಜಿನ್ನು ಕಟ್ಟುವುದನ್ನು ನೋಡಿದವರು ಬಹಳ ಮಂದಿ ಇದ್ದಾರೆ.

ನೀಲಗಿರಿಯ ದಾರಿಯಲ್ಲಿ ಕಲ್ಲಾರಿನಿಂದ ಕೂನೂರಿನವರೆಗಿನ ಸುಮಾರು 20 ಕಿಲೋಮೀಟರಿನ ಭಾಗದಲ್ಲಿ ಕಡಿದಾದ ಕಡೆ ಏರು ಸುಮಾರು ಹನ್ನೆರಡೂವರೆಗೆ 1. ಅರ್ಧ ಮೀಟರು ಉದ್ದದ ಹಲಗೆಯೊಂದನ್ನು ಮೇಜಿನ ಮೇಲಿಟ್ಟು ಒಂದು ತುದಿಯ ಕೆಳಗೆ 4 ಸೆಂಟಿಮೀಟರು ದಪ್ಪದ ಪುಸ್ತಕವನ್ನು ಇರಿಸಿದರೆ ಅದೇ ನೀಲಗಿರಿಯ ಏರು. ಹಲಗೆಯ ಮೇಲೆ ಮಕ್ಕಳ ಆಟದ ಕಾರೊಂದನ್ನು ಬಿಟ್ಟು ನೋಡಿರಿ. ನೋಡಲು ಇದು ಅಂತಹ ಭಯಂಕರ ಇಳಿಜಾರೇನೂ ಅಲ್ಲ; ಅಟ್ಟದ ಮೆಟ್ಟಿಲು ಇದಕ್ಕಿಂತ ಎಷ್ಟೋ ಪಾಲು ಕಡಿದು. ಆದರೆ ರೈಲಿಗೆ ಇದು ಗೋಡೆ. ಟನ್ನಿಗೆ 80 ಕಿಲೋಗ್ರಾಂ!

ಒಂದು ಲೆಕ್ಕ ಮಾಡೋಣ. ಎಂಜಿನ್ನಿನ ತೂಕ 50 ಟನ್ನು, ಡಬ್ಬಿಗಳೂ ಪ್ರಯಾಣಿಕರೂ ಸೇರಿ ಇನ್ನೊಂದು 50 ಟನ್ನು ಎಂದು ಇಟ್ಟುಕೊಳ್ಳಿರಿ. ಈ 100 ಟನ್ನನ್ನು ಆ ಏರಿನಲ್ಲಿ ಹಿಡಿದು ನಿಲ್ಲಿಸಲು 8 ಟನ್ನಿನ ಬಲ ಬೇಕು. ಒಣಗಿದ ಸ್ವಚ್ಛವಾದ ಕಂಬಿಯ ಮೇಲೆ ಗಾಲಿಯ ಹಿಡಿತ ಅದರ ಮೇಲಿನ ಭಾರದ ಸುಮಾರು ಕಾಲು ಭಾಗ. ಎಂಜಿನ್ನಿನ ಭಾರವೆಲ್ಲವೂ ಚಾಲಕ ಗಾಲಿಗಳ ಮೇಲೆಯೇ ಬಿದ್ದರೂ ಹಿಡಿತ ಹನ್ನೆರಡೂವರೆ ಟನ್ನು. ಸಾಕಲ್ಲವೇ ಎನ್ನುತ್ತೀರಿ. ಬಿಸಿಲು ಕಾಯುತ್ತಿರುವ ದಿನ ಸಾಕು. ಆದರೆ ನೀಲಗಿರಿ ಮಳೆಯ, ಮಂಜಿನ ಸೀಮೆ. ಒದ್ದೆ ಕಂಬಿಯ ಮೇಲೆ ಹಿಡಿತ ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯಬಹುದು. ಆಗ ದೊರೆಯುವುದು 5 ಟನ್ನು ಮಾತ್ರ, ಬೇಕಾದುದು 8. ಗಾಲಿ ಸುತ್ತುವುದು, ಬಂಡಿ ಏರದು.

ಏರಲಾಗದಿದ್ದರೆ ಹೋಗಲಿ, ಕೆಳಗೇ ಉಳಿದೇವು. ಇಳಿಯುವ ಬಂಡಿಯ ಸ್ಥಿತಿ ಏನು? ಎಂಜಿನ್ನಿನ ಗಾಲಿಗಳನ್ನಷ್ಟೇ ಅಲ್ಲದೆ ಎಲ್ಲ ಡಬ್ಬಿಗಳ ಎಲ್ಲ ಗಾಲಿಗಳನ್ನೂ ಬ್ರೇಕು ಬಿಗಿಯಾಗಿ ಹಿಡಿಯಿತೆನ್ನೋಣ. ಒದ್ದೆ ಕಂಬಿಯ ಮೇಲೆ ಹಿಡಿತ 10 ಟನ್ನು. ಕೆಳಕ್ಕೆ ಜಗ್ಗುವ ಬಲ 8. ಕೂದಲೆಳೆಯ ಅಂತರ. ಕಾಡಿನ ಎಲೆ ಬಿದ್ದು ಕೊಳೆತು ಕಂಬಿಯ ಮೇಲೆ ಜಿಡ್ಡು ಹತ್ತಿದ್ದರೆ ಹಿಡಿತ ಇನ್ನೂ ಕಡಿಮೆಯಾಗಿ ಹದಿನೈದರಲ್ಲಿ ಒಂದಕ್ಕೆ ಬರಬಹುದು; ಆಗ ಆರೂಮುಕ್ಕಾಲು ಟನ್ನೂ ಇಲ್ಲ. ಒಂದು ಗಾಲಿಯೂ ತಿರುಗದಿದ್ದರೂ ಬಂಡಿ ಎಣ್ಣೆ ಹಚ್ಚಿದ ಹಲಗೆಯ ಮೇಲಿನ ಪೆಟ್ಟಿಗೆಯಂತೆ ಕೆಳಕ್ಕೆ ಜಾರುವುದು. ಮಗ್ಗುಲಲ್ಲಿ ಕಣಿವೆ. ಬೆಟ್ಟದ ರೈಲನ್ನು ಕಟ್ಟಿದ ಎಂಜಿನಿಯರರ ನಿದ್ದೆಯನ್ನು ಕೆಡಿಸಿದುದು ಏರುವ ಚಿಂತೆಗಿಂತಲೂ ಇಳಿಯುವ ಚಿಂತೆಯೇ ಹೆಚ್ಚು ಎಂದು ನಾವು ಧೈರ್ಯವಾಗಿ ಹೇಳಬಹುದು.

ಬೆಟ್ಟವೇರಲು ಬೇರೆ ಉಪಾಯಗಳಿಲ್ಲವೆಂದಲ್ಲ. 1881ರಲ್ಲಿ ತೆರೆದ ಡಾರ್ಜಿಲಿಂಗಿನ ಕಂಬಿ ಕೆಲವೆಡೆ ಸುರುಳಿ ಸುತ್ತಿ ತನ್ನ ಮೇಲೆಯೇ ಹಾದು ಹೋಗುತ್ತದೆ. ಕೆಲವೆಡೆ ಬಂಡಿ ಮುಂದೆ ಹೋಗಿ, ನಿಂತು, ಹಿಂದಕ್ಕೆ ಏರಿ, ಮತ್ತೆ ಮುಂದೆ ಹೋಗಿ ಒಂದೊಂದು ಮೆಟ್ಟಿಲಾಗಿ ಹತ್ತುತ್ತದೆ. 1903ರ ಕಾಲ್ಕಾ–ಶಿಮ್ಲಾ ದಾರಿ 96 ಕಿಲೋಮೀಟರು ಉದ್ದಕ್ಕೂ ಬೆಟ್ಟದ ಮೈಯನ್ನು ತಬ್ಬಿಕೊಂಡು ತಿರುಗುತ್ತ, ನೂರಕ್ಕೂ ಮಿಕ್ಕ ಸುರಂಗಗಳನ್ನು ನುಗ್ಗುತ್ತ, 33ಕ್ಕೆ 1ರ ಏರಿನೊಳಗೇ ಉಳಿಯುತ್ತದೆ. ಇವೆರಡರ ಉಪಾಯವೂ ಒಂದೇ: ದಾರಿಯನ್ನು ಉದ್ದಮಾಡಿ ಏರನ್ನು ತಗ್ಗಿಸುವುದು. ನೀಲಗಿರಿಯ ಪೂರ್ವದ ಮುಖ ಹಾಗೆ ಸುತ್ತಾಡಲು ಎಡೆಗೊಡುವಂತಹುದಲ್ಲ. ಕಲ್ಲಾರಿನಿಂದ ಬೆಟ್ಟ ಒಮ್ಮೆಗೇ ಎದ್ದುನಿಲ್ಲುತ್ತದೆ. ಕೂನೂರಿನ ಹೊತ್ತಿಗೆ ಸುಮಾರು 1300 ಮೀಟರು ಮೇಲೇರಬೇಕು. ಹೀಗಾಗಿ ಹಿಂದೆ ಮೂಲೆಗೆ ಹಾಕಿದ್ದ ಹಲ್ಲನ್ನು ಮರಳಿ ಹುಡುಕಿ ತರಬೇಕಾಯಿತು.

ಅದನ್ನು ಬೆಟ್ಟಕ್ಕೆ ತಂದವರಲ್ಲಿ ಸ್ವಿಟ್ಸರ್ಲೆಂಡಿನ ನಿಕ್ಲಾಸ್ ರಿಗೆನ್‌ಬಾಖ್ ಪ್ರಮುಖನು. ಅವನ ರಿಗಿ ಬೆಟ್ಟದ ರೈಲು 1871ರಲ್ಲಿ ಓಡತೊಡಗಿತು. ಅವನ ಹಲ್ಲುಕಂಬಿ ಏಣಿಯ ಆಕಾರದ್ದು. ಏಣಿಯ ಮೆಟ್ಟಿಲುಗಳ ನಡುವೆ ಎಂಜಿನ್ನಿನ ಹಲ್ಲುಗಾಲಿ ಕಚ್ಚಿಕೊಳ್ಳುವುದು. ನೀಲಗಿರಿಗಾಗಿಯೂ ಅವನು 1882ರಲ್ಲಿ ಯೋಜನೆಯೊಂದನ್ನು ಸಿದ್ಧಪಡಿಸಿಕೊಟ್ಟಿದ್ದನು. ಆದರೆ ಕೊನೆಗೆ ಇಲ್ಲಿ ಹಾಕಿದುದು ಅವನ ದೇಶದವನೇ ಆದ ರೋಮನ್ ಆಬ್ಟ್ ಕಂಡುಹಿಡಿದ ಬಗೆಯನ್ನು. ಆಬ್ಟನ ಉಪಾಯ ಸರಳ, ಅಷ್ಟೇ ಜಾಣತನದ್ದು. ಎರಡು ಕಂಬಿಗಳ ನಡುವೆ ಅವನು ಹಲ್ಲುಕೊರೆದ ಉಕ್ಕಿನ ಪಟ್ಟಿಗಳೆರಡನ್ನು ಒತ್ತೊತ್ತಾಗಿ ನಿಲ್ಲಿಸಿದನು. ಒಂದು ಪಟ್ಟಿಯ ಹಲ್ಲಿರುವ ಕಡೆ ಇನ್ನೊಂದರ ಸಂದು ಬರುವಂತೆ ಅವನ್ನು ಅರ್ಧ ಹೆಜ್ಜೆ ಹಿಂದುಮುಂದಾಗಿ ಜೋಡಿಸಿದನು. ಎಂಜಿನ್ನಿನ ಹಲ್ಲುಗಾಲಿಗಳೂ ಹಾಗೆಯೇ ಇಮ್ಮಡಿಯವು. ಒಂದು ಹಲ್ಲು ಕಚ್ಚು ಬಿಡುವ ಹೊತ್ತಿಗೆ ಪಕ್ಕದ ಪಟ್ಟಿಯಲ್ಲಿ ಇನ್ನೊಂದು ಹಲ್ಲು ಆಗಲೇ ನಟ್ಟನಡುವೆ ಕಚ್ಚಿಕೊಂಡಿರುವುದು. ಹಗ್ಗ ಹತ್ತುವವನು ಒಂದು ಕೈ ಬಿಡುವ ಮೊದಲು ಮತ್ತೊಂದು ಕೈಯನ್ನು ಭದ್ರಮಾಡಿಕೊಳ್ಳುವಂತೆ ಎನ್ನಬಹುದು. ಇದರಿಂದ ಬಂಡಿ ಕುಲುಕದೆ ಸಾಗುವುದಲ್ಲದೆ, ಎಂದಾದರೂ ಒಂದು ಹಲ್ಲು ಮುರಿದರೂ ಹಿಡಿತ ತಪ್ಪುವುದಿಲ್ಲ. ಒದ್ದೆಯೋ ಒಣಗೋ, ಎಲೆಯ ಜಿಡ್ಡೋ, ಹಲ್ಲಿಗೆ ಅದರ ಗೊಡವೆಯಿಲ್ಲ.

1891ರಲ್ಲಿ ಕೆಲಸ ಮೊದಲಾಗಿ 1899ರಲ್ಲಿ ಕೂನೂರಿನವರೆಗೆ ಬಂಡಿ ಓಡಿತು. 1908ರಲ್ಲಿ ಉದಕಮಂಡಲವನ್ನು ಮುಟ್ಟಿತು. 16 ಸುರಂಗ, 250 ಸೇತುವೆ, 208 ತಿರುವು. ಈ ಅಂಕಿಗಳನ್ನು ಪ್ರವಾಸಿಗರ ಕೈಪಿಡಿಗಳೆಲ್ಲ ಹೇಳುತ್ತವೆ. ಆ ಬಂಡೆಯನ್ನು ಒಡೆದ ಕೂಲಿಗಳು ಯಾರು, ಎಲ್ಲಿಯವರು ಎಂಬುದನ್ನು ಮಾತ್ರ ಯಾವ ಕೈಪಿಡಿಯೂ ಹೇಳುವುದಿಲ್ಲ.

ಇನ್ನು ಎಂಜಿನ್ನಿನ ಕಡೆ ಬರೋಣ. ಈ ದಾರಿಯ ಉಗಿ ಎಂಜಿನ್ನುಗಳು ಎಕ್ಸ್ ವರ್ಗದವು. 1914ರಿಂದ 1952ರವರೆಗೆ ಸ್ವಿಟ್ಸರ್ಲೆಂಡಿನ ವಿಂಟರ್‌ಟೂರ್ ಎಂಬಲ್ಲಿನ ಕಾರ್ಖಾನೆಯಿಂದ ತಂಡತಂಡವಾಗಿ ಬಂದವು. ಇವು ಬಂಡಿಯನ್ನು ಎಳೆಯುವುದಿಲ್ಲ; ಕೆಳಗಿನ ತುದಿಯಲ್ಲಿ ನಿಂತು ಮೇಲಕ್ಕೆ ನೂಕುತ್ತವೆ. ಕೊಂಡಿ ಕಳಚಿದರೂ ಡಬ್ಬಿಗಳು ಎಂಜಿನ್ನಿನ ಮೇಲೆಯೇ ಬಂದು ಒರಗಲೆಂದು ಈ ಏರ್ಪಾಡು. ಪಕ್ಕದಿಂದ ನೋಡಿದರೆ ಬೇರೆ ಎಂಜಿನ್ನುಗಳಲ್ಲಿ ಕಾಣದ ಒಂದು ಸಂಗತಿ ಕಣ್ಣಿಗೆ ಬೀಳುವುದು: ಸಿಲಿಂಡರುಗಳು ಒಂದರ ಮೇಲೊಂದು, ಎರಡೂ ಪಕ್ಕ ಸೇರಿ ನಾಲ್ಕು. ಎರಡು ಸಿಲಿಂಡರು ಸಾಮಾನ್ಯ ಗಾಲಿಗಳನ್ನೂ ಇನ್ನೆರಡು ಹಲ್ಲುಗಾಲಿಗಳನ್ನೂ ತಿರುಗಿಸುತ್ತವೆ. ಮೆಟ್ಟುಪಾಳಯಂನಿಂದ ಕಲ್ಲಾರಿನವರೆಗಿನ ಸುಮಾರು ಸಮವಾದ ದಾರಿಯಲ್ಲಿ ಮೊದಲಿನ ಜೊತೆಗೆ ಮಾತ್ರ ಕೆಲಸ. ಅಲ್ಲಿ ಉಗಿಯು ಪಿಸ್ಟನ್ನನ್ನು ಒಮ್ಮೆ ದಬ್ಬಿ ನೇರವಾಗಿ ಹೊಗೆಕೊಳವೆಗೆ ಹೋಗುವುದು.

ಹಲ್ಲುಕಂಬಿಯನ್ನು ಏರಿದ ಮೇಲೆ ಚಾಲಕನು ಉಗಿಯ ದಾರಿಯನ್ನು ಬದಲಿಸುತ್ತಾನೆ. ಮೊದಲ ಜೊತೆಯಲ್ಲಿ ಕೆಲಸ ಮುಗಿಸಿದ ಉಗಿಯಲ್ಲಿ ಇನ್ನೂ ಕಸುವು ಉಳಿದಿರುತ್ತದೆ. ಅದನ್ನು ಹೊರಕ್ಕೆ ಬಿಡದೆ ಎರಡನೆಯ ಜೊತೆ ಸಿಲಿಂಡರುಗಳಿಗೆ ಕಳುಹಿಸಿದರೆ, ಅದು ಅಲ್ಲಿ ಹಿಗ್ಗಿ ಹಲ್ಲುಗಾಲಿಗಳನ್ನು ತಿರುಗಿಸಿ ಆಮೇಲೆ ಹೊರಬೀಳುವುದು. ಕಬ್ಬಿನ ಸಿಪ್ಪೆಯನ್ನು ಗಾಣಕ್ಕೆ ಎರಡನೆಯ ಸಲ ಕೊಟ್ಟಂತೆ. ಒತ್ತಡ ಇಳಿದ ಉಗಿಗೆ ಹಿಗ್ಗಲು ಹೆಚ್ಚು ಜಾಗ ಬೇಕಷ್ಟೆ? ಅದಕ್ಕಾಗಿ ಎರಡನೆಯ ಜೊತೆಯ ಪಿಸ್ಟನ್ನುಗಳು, ನಡುವೆ ಇರುವ ಹಲ್ಲುಚಕ್ರಗಳ ಸಹಾಯದಿಂದ, ಮೊದಲಿನವಕ್ಕಿಂತ ಹೆಚ್ಚು ಬೇಗ ಆಡುತ್ತವೆ. ಕಿವಿಗೊಟ್ಟು ಕೇಳುವವರಿಗೆ ಇದು ತಿಳಿಯುವುದು. ಕಲ್ಲಾರು ದಾಟುತ್ತಲೇ ಎಂಜಿನ್ನಿನ ಉಸಿರಾಟ ಬದಲಾಗುತ್ತದೆ. ಬಂಡಿ ನಿಧಾನವಾಯಿತು, ಉಸಿರು ಮಾತ್ರ ಬಿರುಸಾಯಿತು. ಎಷ್ಟೋ ಜನ ಇದನ್ನು ಮುದುಕ ಎಂಜಿನ್ನಿನ ಏದುಸಿರೆಂದು ತಿಳಿದು ಮರುಗುತ್ತಾರೆ. ಅದು ಏದುಸಿರಲ್ಲ, ಎರಡನೆಯ ಯಂತ್ರವೊಂದು ಕೆಲಸಕ್ಕೆ ಕೈಹಾಕಿದ ಸದ್ದು.

ವೇಗದ ಮಾತನ್ನೂ ಇಲ್ಲಿಯೇ ಮುಗಿಸೋಣ. ಹಲ್ಲುಕಂಬಿಯ ಮೇಲೆ ಬಂಡಿ ಗಂಟೆಗೆ 13 ಕಿಲೋಮೀಟರನ್ನು ಮೀರುವಂತಿಲ್ಲ. ನಮ್ಮ ಲೆಕ್ಕದ 8 ಟನ್ನಿನ ಬಲವನ್ನು ಆ ವೇಗದಲ್ಲಿ ಒದಗಿಸಲು ಸುಮಾರು 380 ಅಶ್ವಸಾಮರ್ಥ್ಯ ಬೇಕು. ವೇಗವನ್ನು 40 ಕಿಲೋಮೀಟರಿಗೆ ಏರಿಸಿದರೆ ಸಾಮರ್ಥ್ಯವೂ ಮೂರು ಪಟ್ಟಾಗಬೇಕು. ಸಾಮರ್ಥ್ಯ ಹೆಚ್ಚಿದರೆ ಎಂಜಿನ್ನಿನ ಭಾರ ಹೆಚ್ಚುವುದು. ಭಾರ ಹೆಚ್ಚಿದರೆ ಅದನ್ನು ಎತ್ತಲು ಮತ್ತಷ್ಟು ಬಲ. ಅದನ್ನೂ ಹೇಗೋ ಸಾಧಿಸಿದೆವೆನ್ನೋಣ. ಅಷ್ಟು ವೇಗದಲ್ಲಿ ಹಲ್ಲಿನೊಳಗೆ ಹಲ್ಲು ಕೂರದೆ ಮೇಲಕ್ಕೆ ಹತ್ತಿಬಿಡುವ ಅಪಾಯ ಬೇರೆ.

ಇಳಿಯುವಾಗಲಂತೂ ನಿಧಾನವಿಲ್ಲದೆ ಗತಿಯೇ ಇಲ್ಲ. 100 ಟನ್ನಿನ ಬಂಡಿ 1300 ಮೀಟರು ಕೆಳಗಿಳಿದಾಗ, ಏರುವಾಗ ಅದರಲ್ಲಿ ಕೂಡಿಟ್ಟ ಶಕ್ತಿಯೆಲ್ಲವೂ ಶಾಖವಾಗಿ ಹೊರಬೀಳಬೇಕು. ಆ ಶಾಖದಿಂದ ಸುಮಾರು 4000 ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು! ಇಷ್ಟು ಶಾಖವನ್ನು ಗಾಲಿಗೆ ಒತ್ತುವ ಬ್ರೇಕಿನ ಕಟ್ಟೆಗಳ ಮೇಲೆಯೇ ಹೊರಿಸಿದರೆ ಅವು ಕಾದು ಹಿಡಿತ ಕಳೆದುಕೊಳ್ಳುವುವು. ಆದುದರಿಂದ ಇಳಿಯುವಾಗ ಸಿಲಿಂಡರುಗಳನ್ನೇ ಗಾಳಿಯನ್ನು ಒತ್ತುವ ಪಂಪುಗಳನ್ನಾಗಿ ಮಾಡುತ್ತಾರೆ. ಪಿಸ್ಟನ್ನು ಗಾಳಿಯನ್ನು ಅದುಮಲು ಪಡುವ ಶ್ರಮವೇ ಬಂಡಿಯನ್ನು ಹಿಂದಕ್ಕೆ ಹಿಡಿಯುವುದು. ಅದುಮಿದ ಗಾಳಿ ಕಾಯುವುದರಿಂದ ಸಿಲಿಂಡರಿಗೆ ನೀರನ್ನು ಹಾಯಿಸಿ ತಣಿಸುತ್ತಾರೆ. ಹತ್ತುವಾಗ ದುಡಿದ ಯಂತ್ರವೇ ಇಳಿಯುವಾಗ ಕಡಿವಾಣ. ಇದಲ್ಲದೆ ಡಬ್ಬಿ ಡಬ್ಬಿಯಲ್ಲಿಯೂ ಒಬ್ಬೊಬ್ಬ ಬ್ರೇಕಿನವನು ಹೊರಗಿನ ಸಣ್ಣ ಜಗಲಿಯ ಮೇಲೆ ನಿಂತಿರುತ್ತಾನೆ. ಮೇಲೇರುವಾಗ ಎಂಜಿನ್ನು ಹಿಂದಿರುವುದರಿಂದ ಚಾಲಕನಿಗೆ ಮುಂದಿನ ದಾರಿ ಕಾಣಿಸದು. ತುದಿಯವನು ದಾರಿ ನೋಡಿ ಹಸಿರು ಬಾವುಟ ಬೀಸುವನು; ಅವನನ್ನು ನೋಡಿ ಎರಡನೆಯವನು, ಎರಡನೆಯವನನ್ನು ನೋಡಿ ಮೂರನೆಯವನು; ಹೀಗೆ ಸುದ್ದಿ ಚಾಲಕನಿಗೆ ತಲಪುವುದು. ದೂರವಾಣಿಯ ಈ ದಿನಗಳಲ್ಲಿ ಇದು ಹಳೆಯ ಪದ್ಧತಿಯೆನಿಸೀತು. ಮಂಜು ಕವಿದ ತಿರುವಿನಲ್ಲಿ ಕುಳಿತವರಿಗೆ ಆ ಬಾವುಟದಷ್ಟು ಸಮಾಧಾನ ಕೊಡುವ ವಸ್ತು ಬೇರೆ ಇಲ್ಲ.

ಯುನೆಸ್ಕೊ ಸಂಸ್ಥೆಯು 1999ರಲ್ಲಿ ಡಾರ್ಜಿಲಿಂಗಿನ ರೈಲನ್ನೂ 2005ರಲ್ಲಿ ನೀಲಗಿರಿಯದನ್ನೂ 2008ರಲ್ಲಿ ಶಿಮ್ಲಾದ್ದನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿಸುವುದು ಸುಲಭ. ಉಗಿ ಎಂಜಿನ್ನನ್ನು ಓಡಿಸುತ್ತಿರುವುದು ಕಷ್ಟ. ಬಾಯ್ಲರು ಸವೆಯುತ್ತದೆ, ಹಲ್ಲು ತೇಯುತ್ತದೆ, ಕೊಳವೆ ತೂತಾಗುತ್ತದೆ. ಬಿಡಿಭಾಗಗಳನ್ನು ಅಂಗಡಿಯಿಂದ ತರುವಂತಿಲ್ಲ. ತಿರುಚ್ಚಿರಾಪಳ್ಳಿಯ ಪೊನ್ಮಲೈ ಕಾರ್ಖಾನೆಯವರು ಹಳೆಯ ಭಾಗಗಳನ್ನು ಅಳೆದು, ನಕ್ಷೆ ಬರೆದು, ಹೊಸದಾಗಿ ಎರಕ ಹೊಯ್ದು 2011ರಿಂದ ಈಚೆಗೆ ಎಕ್ಸ್ ವರ್ಗದ ಹೊಸ ಎಂಜಿನ್ನುಗಳನ್ನೇ ಕಟ್ಟಿದ್ದಾರೆ. ಕಲ್ಲಿದ್ದಲಿನ ಬದಲು ಎಣ್ಣೆ ಉರಿಸುವ ಎಂಜಿನ್ನುಗಳೂ ಬಂದಿವೆ.

ಇಲ್ಲಿ ಒಂದು ಚರ್ಚೆ ಏಳುವುದುಂಟು. ಎಂಜಿನ್ನೇ ಹೊಸದು, ಉರಿಸುವುದೂ ಎಣ್ಣೆ. ಹಾಗಾದರೆ ಇದು ಹಳೆಯ ರೈಲು ಹೇಗಾದೀತು? ಹಳೆಯ ಕಬ್ಬಿಣವನ್ನೇ ಪರಂಪರೆಯೆಂದು ತಿಳಿದವರಿಗೆ ಇದರಲ್ಲಿ ಮೋಸ ಕಾಣುವುದು. ನಮಗೆ ಹಾಗೆ ತೋರುವುದಿಲ್ಲ. ಹಳೆಯ ಎಂಜಿನ್ನುಗಳು ವಸ್ತುಸಂಗ್ರಹಾಲಯದಲ್ಲಿಯೂ ಇವೆ. ಮೈಸೂರಿನ ರೈಲು ಸಂಗ್ರಹಾಲಯದಲ್ಲಿ ಬಣ್ಣ ಬಳಿದುಕೊಂಡು ನಿಂತಿರುವವನ್ನು ನಮ್ಮ ಓದುಗರಲ್ಲಿ ಅನೇಕರು ನೋಡಿರಬಹುದು. ಅವುಗಳ ಪ್ರತಿಯೊಂದು ಬೋಲ್ಟೂ ಹಳೆಯದೇ. ಆದರೆ ಒದ್ದೆ ಕಂಬಿಯ ಮೇಲೆ ಉಗಿಯನ್ನು ಎಷ್ಟು ಬಿಡಬೇಕು, ಹಲ್ಲು ಸವೆದುದನ್ನು ಸದ್ದಿನಿಂದ ಹೇಗೆ ತಿಳಿಯಬೇಕು, ಇಳಿಯುವಾಗ ಸಿಲಿಂಡರಿಗೆ ನೀರು ಯಾವಾಗ ಹಾಯಿಸಬೇಕು ಎಂಬುದನ್ನು ನಿಂತ ಎಂಜಿನ್ನು ಯಾರಿಗೂ ಕಲಿಸದು. ಅದು ಚಾಲಕನ ಕೈಯಲ್ಲಿ, ಕಮ್ಮಾರನ ಕಣ್ಣಿನಲ್ಲಿ ಇರುವ ವಿದ್ಯೆ. ಬಂಡಿ ಓಡುತ್ತಿರುವವರೆಗೆ ಮಾತ್ರ ಹಿರಿಯನು ಕಿರಿಯನಿಗೆ ಅದನ್ನು ಹೇಳಿಕೊಡಬಲ್ಲನು. ಹತ್ತು ವರ್ಷ ನಿಂತರೆ ಅದನ್ನು ಬಲ್ಲವರು ನಿವೃತ್ತರಾಗಿ ಮನೆಗೆ ಹೋಗಿರುತ್ತಾರೆ. ಹಿಂಗಾರಿನ ಮಳೆಗೆ ಮಣ್ಣು ಕುಸಿದು ಸಂಚಾರ ನಿಂತಾಗಲೆಲ್ಲ ಕಂಬಿಯನ್ನು ಬಿಡಿಸಿ ಮತ್ತೆ ಬಂಡಿಯನ್ನು ಹೊರಡಿಸುವವರ ಅವಸರ ಪ್ರವಾಸಿಗರ ಟಿಕೆಟ್ಟಿಗಾಗಿ ಮಾತ್ರವಲ್ಲವೆಂದು ನಾವು ತಿಳಿಯುತ್ತೇವೆ.

ನಮ್ಮ ಕಡೆಯಿಂದ ಹೋಗುವವರಿಗೆ ಒಂದು ಸೂಚನೆ. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರದ ಮೇಲೆ ಉದಕಮಂಡಲವನ್ನು ಸೇರಿದವರು ಸಾಮಾನ್ಯವಾಗಿ ಅಲ್ಲಿಂದ ಕೂನೂರಿಗೆ ರೈಲಿನಲ್ಲಿ ಹೋಗಿಬಂದು ನೀಲಗಿರಿಯ ರೈಲನ್ನು ನೋಡಿದೆವೆಂದು ಹೇಳುತ್ತಾರೆ. ಕೇತಿಯ ಕಣಿವೆ, ಕನ್ನಡಕ್ಕೆ ಬಹಳ ಹತ್ತಿರದ ನುಡಿಯಾಡುವ ಬಡಗರ ಹಟ್ಟಿಗಳು, ಚಹದ ತೋಟ ಎಲ್ಲವೂ ಆ ದಾರಿಯಲ್ಲಿ ಚೆನ್ನಾಗಿ ಕಾಣುವುವು. ಆದರೆ ಆ ಭಾಗದಲ್ಲಿ ಏರು ಕಡಿಮೆ, ಹಲ್ಲುಕಂಬಿಯಿಲ್ಲ. ಬಂಡಿಯನ್ನು ನಡೆಸುವುದು ಡೀಸೆಲ್ ಎಂಜಿನ್ನು. ನಾವು ಇಷ್ಟು ಹೊತ್ತು ಹೇಳಿದುದನ್ನು ನೋಡಬೇಕಾದರೆ ಮೆಟ್ಟುಪಾಳಯಂನಿಂದಲೇ ಹತ್ತಬೇಕು. ಕಲ್ಲಾರು ಬಿಟ್ಟೊಡನೆ ಬಂಡಿ ನಡಿಗೆಯ ವೇಗಕ್ಕೆ ಬರುವುದು. ಹಲ್ಲುಕಂಬಿಯ ಮೊದಲ ತುಂಡನ್ನು ಸ್ಪ್ರಿಂಗಿನ ಮೇಲೆ ಕೂರಿಸಿರುವುದರಿಂದ ಅದು ಸ್ವಲ್ಪ ತಗ್ಗಿ ಹಲ್ಲುಗಾಲಿಗೆ ಎಡೆಗೊಟ್ಟು ಮತ್ತೆ ಮೇಲೇಳುವುದು. ಹಿಂದಿನ ಡಬ್ಬಿಯಲ್ಲಿ, ಎಂಜಿನ್ನಿಗೆ ಹತ್ತಿರವಾಗಿ ಕುಳಿತರೆ ಆ ಕಚ್ಚು ಕೂಡಿದ ಸದ್ದನ್ನು ಕಿವಿಯಿಂದಲೂ ಅದರ ಸಣ್ಣ ನಡುಕವನ್ನು ಪಾದದಿಂದಲೂ ಅರಿಯಬಹುದು. ಮುಂದೆ ಹಿಲ್‌ಗ್ರೋವಿನಲ್ಲಿ ಎಂಜಿನ್ನು ನೀರು ಕುಡಿಯಲು ನಿಂತಾಗ ಕೆಳಗಿಳಿದು, ಕಂಬಿಗಳ ನಡುವಿನ ಎರಡು ಪಟ್ಟಿಗಳ ಹಲ್ಲುಗಳನ್ನು ನೋಡಿರಿ. ಕೈಯಲ್ಲಿ ತಿಂಡಿಯಿದ್ದರೆ ಮಾತ್ರ ಜೋಪಾನ. ಆ ನಿಲ್ದಾಣದ ಕೋತಿಗಳಿಗೆ ಬಂಡಿಯ ವೇಳೆ ನಮಗಿಂತ ಚೆನ್ನಾಗಿ ಗೊತ್ತು.